ಎರಡನೇ ಮಹಡಿಯ ತಿರುವು

ಮಾರ್ಚ್ 4, ಮಂಗಳವಾರ

ಹಲ್ಲು ಕೀಳಿಸಿಕೊಳ್ಳಲು ಹೋದವಳು ಹಲ್ಲನ್ನು ಹಾಗೇ ಬಾಯಲ್ಲಿಟ್ಟುಕೊಂಡು ಬಂದಿದ್ದೇನೆ. ಕುರ್ಚಿಯಲ್ಲಿ ಒರಗಿಸಿ, ಕುತ್ತಿಗೆಗೆ ಬಟ್ಟೆ ಕಟ್ಟಿ, ಮುಖಕ್ಕೆ ದೀಪ ಬಿಟ್ಟ ಮೇಲೆ ಹಲ್ಲಿನ ಡಾಕ್ಟರಮ್ಮ ಕೇಳಿದರು, "ಬೇರೆ ಏನಾದ್ರೂ ಕಾಯಿಲೆ ಇದೆಯಾ?" ಇಲ್ಲ ಎಂದೆ. "ಆಪರೇಷನ್ ಏನಾದ್ರೂ?" ನಾಲ್ಕು ವರ್ಷದವಳಿದ್ದಾಗ ಹೃದಯದ್ದು ಆಗಿತ್ತು, ಹುಟ್ಟಿನಿಂದಲೇ ತೂತಿತ್ತಂತೆ, ಅದು ವಾಸಿಯಾಗಿ ಎಷ್ಟೋ ಕಾಲವಾಯಿತು ಎಂದೆ. ಅವರು ಕೈಯಲ್ಲಿದ್ದ ಇಕ್ಕಳವನ್ನು ತಟ್ಟೆಯಲ್ಲಿಟ್ಟರು.

"ಕೊನೇ ಸಲ ಹೃದಯದ ಡಾಕ್ಟರಿಗೆ ತೋರಿಸಿದ್ದು ಯಾವಾಗ?"

"ಸ್ಕೂಲಲ್ಲಿದ್ದಾಗ."

"ಯಾರು ಸ್ಕೂಲಲ್ಲಿದ್ದಾಗ? ನೀವಾ, ನಿಮ್ಮ ಮಗಳಾ?"

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅಲ್ಲ. ಹೃದಯದ ಡಾಕ್ಟರಿಂದ ಒಂದು ಚೀಟಿ ಬರೆಸಿಕೊಂಡು ಬನ್ನಿ, ಅಲ್ಲಿಯವರೆಗೆ ನಿಮ್ಮ ಹಲ್ಲು ಮುಟ್ಟುವುದಿಲ್ಲ ಎಂದು ಎಬ್ಬಿಸಿ ಕಳಿಸಿದರು. ನೋವು ನನ್ನದು, ಹೆದರಿಕೆ ಅವರದು.

ಇವರು ಹೊರಗೆ ಕಾಯುತ್ತಿದ್ದರು. ಮನೆಗೆ ಬಂದೆವು. ಮೂರನೇ ಮಹಡಿ, ಲಿಫ್ಟಿಲ್ಲ. ಎಂದಿನಂತೆ ಎರಡನೇ ಮಹಡಿಯ ತಿರುವಿನಲ್ಲಿ ನಿಂತು ಬೀಗದ ಕೈ ಹುಡುಕಲು ಶುರುಮಾಡಿದರು. ಪ್ಯಾಂಟಿನ ಜೇಬು, ಶರ್ಟಿನ ಜೇಬು, ಚೀಲ, ಮತ್ತೆ ಪ್ಯಾಂಟಿನ ಜೇಬು. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಬೀಗದ ಕೈಗೆ ಒಂದು ಜಾಗ ಅಂತ ಮಾಡಿಕೊಂಡಿಲ್ಲ ಈ ಮನುಷ್ಯ. ನಾನು ಅಷ್ಟರಲ್ಲಿ ಗೋಡೆಯ ಫಲಕದ ಮೇಲಿನ ಸೂಚನೆ ಓದಿದೆ. ನೀರಿನ ತೊಟ್ಟಿ ತೊಳೆಯುವ ದಿನ ಬದಲಾಗಿದೆ.

ಮಾರ್ಚ್ 13, ಗುರುವಾರ

ಹೃದಯದ ಡಾಕ್ಟರು ನನಗಿಂತ ಚಿಕ್ಕವರು. ಎದೆಗೆ ತಣ್ಣನೆಯ ಅಂಟು ಹಚ್ಚಿ, ಪರದೆಯ ಮೇಲೆ ಬಹಳ ಹೊತ್ತು ನೋಡಿದರು. ಆಮೇಲೆ ಪ್ರಶ್ನೆಗಳು. ಸುಸ್ತಾಗುತ್ತದೆಯೇ? ಇಲ್ಲ. ಮೆಟ್ಟಿಲು ಹತ್ತಿದರೆ? ದಿನಾ ಮೂರು ಮಹಡಿ ಹತ್ತುತ್ತೇನೆ ಎಂದೆ, ಸ್ವಲ್ಪ ಜಂಬದಿಂದಲೇ. ಬರೆದುಕೊಂಡರು.

"ಎದೆ ಒಂದೊಂದು ಸಲ ಡವಡವ ಅನ್ನೋದು, ಬಡಿತ ತಪ್ಪೋದು?"

"ಎಲ್ಲರಿಗೂ ಆಗೋ ಅಷ್ಟು ಆಗುತ್ತೆ."

"ಎಲ್ಲರಿಗೂ ಎಷ್ಟಾಗುತ್ತೆ?"

ಇದಕ್ಕೆ ಏನು ಹೇಳಬೇಕು? ನನಗೆ ಎಷ್ಟಾಗುತ್ತದೋ ಅಷ್ಟೇ ಎಲ್ಲರಿಗೂ ಆಗುತ್ತದೆ ಅಂದುಕೊಂಡಿದ್ದೆ. ಹಾಗೇ ಹೇಳಿದೆ. ಅವರು ನಗಲಿಲ್ಲ. ಚೀಟಿ ಈಗಲೇ ಕೊಡಲಾಗುವುದಿಲ್ಲ, ಇನ್ನೂ ಎರಡು ಪರೀಕ್ಷೆ ಆಗಬೇಕು ಎಂದರು. ಒಂದು ಸುರಂಗದಂಥ ಯಂತ್ರದೊಳಗೆ ಮಲಗುವುದು, ಇನ್ನೊಂದು ಓಡುವ ಪಟ್ಟಿಯ ಮೇಲೆ ನಡೆಯುವುದು.

ಒಂದು ಹಲ್ಲಿಗೆ ಇಷ್ಟೆಲ್ಲ.

ಮಾರ್ಚ್ 15, ಶನಿವಾರ

ನಾನು ಕಣ್ಣು ಪರೀಕ್ಷೆ ಮಾಡುವ ಕನ್ನಡಕದ ಅಂಗಡಿಯಲ್ಲಿ ಈಚೆಗೆ ಇಷ್ಟು ನಕ್ಕಿರಲಿಲ್ಲ. ಒಬ್ಬರು ನಿವೃತ್ತ ಬಸ್ ಚಾಲಕರು ಬಂದಿದ್ದರು, ಮಗಳು ಎಳೆದುಕೊಂಡು ಬಂದಿದ್ದಳು. ಕುರ್ಚಿಯಲ್ಲಿ ಕೂತವರೇ ಅಕ್ಷರದ ಫಲಕದ ಕೊನೆಯ ಸಾಲಿನವರೆಗೂ ತಡವರಿಸದೆ ಓದಿಬಿಟ್ಟರು. ನನಗೆ ಅನುಮಾನ ಬಂತು. ಸರದಿಗಾಗಿ ಕಾಯುವಾಗ ಎದ್ದೆದ್ದು ಫಲಕದ ಹತ್ತಿರ ಹೋಗಿ ಬಂದಿದ್ದನ್ನು ನೋಡಿದ್ದೆ. ಬೇರೆ ಫಲಕ ಹಾಕಿದೆ. ಮೊದಲ ಎರಡು ಸಾಲು ಬಿಟ್ಟರೆ ಉಳಿದದ್ದು ಬರೀ ಊಹೆ.

"ನಂಗೇನೂ ತೊಂದ್ರೆ ಇಲ್ಲಮ್ಮ. ಜೀವನ ಪೂರ್ತಿ ಇದೇ ಕಣ್ಣಲ್ಲಿ ಬಸ್ ಓಡಿಸಿದೀನಿ."

"ಕಣ್ಣು ಒಂದೇ ದಿನ ಮಂಜಾಗಲ್ಲ ಯಜಮಾನ್ರೇ. ನಿಮಗೆ ಗೊತ್ತಾಗದ ಹಾಗೆ ಆಗಿರುತ್ತೆ. ತೊಂದರೆ ಇದೆಯೋ ಇಲ್ವೋ ಅಂತ ಹೇಳಬೇಕಾದ್ದು ನೀವಲ್ಲ, ಆ ಬೋರ್ಡು."

"ಬೋರ್ಡಿಗೇನು ಗೊತ್ತು ನನ್ನ ಕಣ್ಣು," ಎಂದು ಎದ್ದು ಹೋದರು. ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ.

ಮಾರ್ಚ್ 27, ಗುರುವಾರ

ಓಡುವ ಪಟ್ಟಿಯ ಮೇಲೆ ನಡೆಸಿದರು. ಮೂಗು ಬಾಯಿಗೆ ಒಂದು ಮುಖವಾಡ, ಎದೆಯ ತುಂಬ ತಂತಿ. ಮೊದಲು ಸಲೀಸಾಗಿತ್ತು. ಆಮೇಲೆ ಪಟ್ಟಿಯ ಮುಂಭಾಗ ಮೇಲೆದ್ದಿತು, ವೇಗವೂ ಹೆಚ್ಚಾಯಿತು. ಸ್ವಲ್ಪ ಹೊತ್ತಿನಲ್ಲೇ ನಿಂತುಬಿಟ್ಟಿತು.

"ಇಷ್ಟು ಬೇಗ ಯಾಕೆ ನಿಲ್ಲಿಸಿದ್ರಿ?" ಎಂದು ತಂತ್ರಜ್ಞನನ್ನು ಕೇಳಿದೆ.

"ನಾನೆಲ್ಲಿ ನಿಲ್ಲಿಸಿದೆ ಮೇಡಂ? ನೀವೇ ಕೈ ಎತ್ತಿದ್ರಲ್ಲ."

ಕೈ ಎತ್ತಿದ್ದು ನಿಜವಿರಬಹುದು. ಆದರೆ ಆ ಯಂತ್ರವೇ ಸರಿಯಿಲ್ಲ. ಯಾರು ರಸ್ತೆಯಲ್ಲಿ ಹೀಗೆ ಒಂದೇ ಸಮನೆ ನಡೆಯುತ್ತಾರೆ? ನಡುವೆ ಅಂಗಡಿ ನೋಡುವುದಿಲ್ಲವೇ, ಬೋರ್ಡು ಓದುವುದಿಲ್ಲವೇ? ಅದನ್ನೇ ಅವನಿಗೆ ಹೇಳಿದೆ. "ಇಲ್ಲೂ ಒಂದು ಬೋರ್ಡ್ ಹಾಕಿಸ್ತೀವಿ ಮೇಡಂ," ಎಂದ.

ಏಪ್ರಿಲ್ 9, ಬುಧವಾರ

ಕೇಳಿದ್ದನ್ನು ಕೇಳಿದ ಹಾಗೇ ಬರೆದಿಡುತ್ತೇನೆ, ಇಲ್ಲದಿದ್ದರೆ ತಲೆಯಲ್ಲಿ ಕಲಸಿಹೋಗುತ್ತದೆ.

ಆಗ ನನಗಿದ್ದದ್ದು ತೂತೊಂದೇ ಅಲ್ಲವಂತೆ. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಇಕ್ಕಟ್ಟಾಗಿತ್ತು. ತೂತು ಮುಚ್ಚಿ, ಆ ದಾರಿಯನ್ನು ಕೊಯ್ದು ಅಗಲ ಮಾಡಿದರು. "ಅಗಲ ಮಾಡುವಾಗ ಬಾಗಿಲು ಹೋಯ್ತು," ಎಂದರು ಡಾಕ್ಟರು. "ಅಂದ್ರೆ ಕವಾಟ. ಹೋದ ರಕ್ತದಲ್ಲಿ ಒಂದು ಪಾಲು ಪ್ರತಿ ಸಲವೂ ವಾಪಸ್ ಬರುತ್ತೆ. ಅದನ್ನೂ ಸೇರಿಸಿ ಮತ್ತೆ ತಳ್ಳಬೇಕು. ಇಷ್ಟು ವರ್ಷ ತಳ್ಳಿ ತಳ್ಳಿ ಬಲಗಡೆಯ ಕೋಣೆ ಹಿಗ್ಗಿದೆ."

"ಹಾಗಾದ್ರೆ ಅವತ್ತು ಆಪರೇಷನ್ ಸರಿಯಾಗಿ ಮಾಡಲಿಲ್ವಾ?"

"ಚೆನ್ನಾಗೇ ಮಾಡಿದಾರೆ. ಅದಕ್ಕೇ ನೀವು ಈಗ ಇಲ್ಲಿ ಕೂತು ನನ್ನ ಕೇಳ್ತಿದೀರಿ."

ಚೆನ್ನಾಗಿ ಮಾಡಿದ್ದಾರೆ, ಆದ್ದರಿಂದ ಮತ್ತೆ ಮಾಡಬೇಕು. ಹೊಸ ಕವಾಟ ಕೂರಿಸಬೇಕು. ಎದೆಯನ್ನು ಹಳೆಯ ಗೆರೆಯ ಮೇಲೇ ತೆರೆಯುತ್ತಾರೆ. ಇವತ್ತೇ ಆಗಬೇಕೆಂದಿಲ್ಲ, ಆದರೆ ಮುಂದಕ್ಕೆ ಹಾಕುತ್ತ ಹೋದರೆ ಕೋಣೆ ಇನ್ನಷ್ಟು ಹಿಗ್ಗುತ್ತದೆ, ಒಂದು ಹಂತ ದಾಟಿದರೆ ಆಮೇಲೆ ಕವಾಟ ಹಾಕಿದರೂ ಮೊದಲಿನ ಅಳತೆಗೆ ಬರುವುದಿಲ್ಲ, ಬಡಿತ ಹಾದಿ ತಪ್ಪುವ ಭಯವೂ ಇದೆ. ನಾನು ಆ ಹಂತದ ಹತ್ತಿರ ಇದ್ದೇನೆ.

"ನನಗೆ ಏನೂ ಆಗ್ತಿಲ್ವಲ್ಲ ಡಾಕ್ಟ್ರೇ."

"ಅದೇ ಇದರ ಕಷ್ಟ."

ಹೊಸ ಕವಾಟವೂ ಕೊನೆಯವರೆಗೆ ಬರುವುದಿಲ್ಲವಂತೆ. ಹತ್ತು ಹದಿನೈದು ವರ್ಷಕ್ಕೆ ಮತ್ತೆ ನೋಡಬೇಕಾದೀತು. ಅಂದರೆ ಏನೂ ತೊಂದರೆ ಇಲ್ಲದವಳು ಹೋಗಿ ಎದೆ ತೆರೆಸಿಕೊಂಡು, ಮುಂದೊಮ್ಮೆ ಮತ್ತೆ ಕೆಡುವ ಒಂದು ವಸ್ತುವನ್ನು ಒಳಗಿಟ್ಟುಕೊಂಡು ಬರಬೇಕು. ಒಂಬತ್ತು ವರ್ಷದ ಮಗಳಿದ್ದಾಳೆ. ಒಪ್ಪಿಕೊಳ್ಳದಿದ್ದರೆ ಅವಳಿಗೆ ಅನ್ಯಾಯವೋ, ಒಪ್ಪಿಕೊಂಡರೆ ಅನ್ಯಾಯವೋ ತಿಳಿಯದು. ಯೋಚಿಸಿ ಹೇಳಿ ಎಂದರು. ಯಾವುದನ್ನು ಹಿಡಿದು ಯೋಚಿಸಲಿ?

ಏಪ್ರಿಲ್ 10, ಗುರುವಾರ

ಹಲ್ಲು ನೋಯುತ್ತಿದೆ.

ಏಪ್ರಿಲ್ 13, ಭಾನುವಾರ

ಅಮ್ಮನಿಗೆ ಹೇಳಿದೆ. ಪಾತ್ರೆ ಒರೆಸುತ್ತಿದ್ದವಳು ಒರೆಸುತ್ತಲೇ ಇದ್ದಳು.

"ಮುಗಿದ ಕಥೆ ಕಣೆ ಅದು. ವಾಸಿ ಆಯ್ತು, ಕರ್ಕೊಂಡು ಹೋಗಿ ಅಂತ ಅವರ ಬಾಯಲ್ಲೇ ಹೇಳಿದ್ರು. ಒಂದು ಸಲ ಎದೆ ಬಿಚ್ಚಿಸಿದ್ದು ಸಾಲದಾ?"

"ಆಮೇಲೆ ಯಾಕಮ್ಮ ತೋರಿಸೋದು ಬಿಟ್ಟೆ?"

"ಬಿಟ್ಟೆನಾ? ಮಕ್ಕಳ ಡಾಕ್ಟರು, ಇವಳಿಗೆ ಹದಿನಾರಾಯ್ತು, ಇನ್ನು ನಮ್ಮ ಹತ್ರ ತರಬೇಡಿ ಅಂದ್ರು. ದೊಡ್ಡವರ ಡಾಕ್ಟರ ಹತ್ರ ಹೋದ್ರೆ, ಇದು ಮಕ್ಕಳ ಕಾಯಿಲೆ, ಆಗಲೇ ಸರಿ ಮಾಡಿದಾರಲ್ಲ ಅಂದ್ರು. ಮಕ್ಕಳಿಗೂ ಸೇರದೆ ದೊಡ್ಡವರಿಗೂ ಸೇರದೆ ಇರೋ ಹುಡುಗೀನ ನಾನು ಎಲ್ಲಿಗೆ ಎತ್ಕೊಂಡು ಹೋಗ್ಲಿ?"

ಅವಳ ಧ್ವನಿ ಏರಿದ್ದರಿಂದ ನಾನೇ ಸಮಾಧಾನ ಮಾಡಬೇಕಾಯಿತು. ನನಗೇನೂ ಆಗಿಲ್ಲಮ್ಮ, ಶಾಲೆಯಲ್ಲಿ ಓಟದಲ್ಲಿ ಎರಡನೇ ಬಹುಮಾನ ತಂದವಳು ನಾನು, ಡಾಕ್ಟರಿಗೂ ಅದನ್ನು ಹೇಳಿ ಬಂದಿದ್ದೇನೆ ಎಂದೆ.

ಅಮ್ಮ ಪಾತ್ರೆ ಕೆಳಗಿಟ್ಟಳು. "ಡಾಕ್ಟರಿಗೂ ಹೇಳಿದ್ಯಾ? ಓಡಿದ್ದೇ ಇಬ್ಬರು ಕಣೆ."

ನಿಜವೇ? ನನಗೆ ಮೈದಾನದ ತುಂಬ ಹುಡುಗಿಯರು ಇದ್ದ ನೆನಪಿದೆ. ಅವರೆಲ್ಲ ನೋಡುತ್ತ ನಿಂತಿದ್ದವರು ಎನ್ನುತ್ತಾಳೆ ಅಮ್ಮ. ಇನ್ನೊಬ್ಬಳು ಕೊನೆಗೆ ನಿಂತು ನನಗಾಗಿ ಕಾಯುತ್ತಿದ್ದಳಂತೆ.

ಏಪ್ರಿಲ್ 19, ಶನಿವಾರ

ಇವತ್ತು ಅಂಗಡಿಗೆ ಇವರ ಸಹೋದ್ಯೋಗಿ ಬಂದಿದ್ದರು. ಇವರಂತೆಯೇ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸ. ಮೀಟರಿನ ಅಂಕಿ ಕಾಣುತ್ತಿಲ್ಲ ಎಂದು ಪರೀಕ್ಷೆಗೆ ಬಂದವರು. ಲೆನ್ಸ್ ಬದಲಾಯಿಸುತ್ತ ಮಾತಿಗೆ ಕೇಳಿದೆ, ನಮ್ಮ ಯಜಮಾನರು ಈ ನಿಧಾನದಲ್ಲಿ ದಿನದ ಬೀದಿಗಳನ್ನೆಲ್ಲ ಹೇಗೆ ಮುಗಿಸುತ್ತಾರೋ ಎಂದು.

"ನಿಧಾನವಾ? ಯಾರು, ಎಕ್ಸ್‌ಪ್ರೆಸ್ಸಾ?"

"ಯಾವ ಎಕ್ಸ್‌ಪ್ರೆಸ್?"

"ನಿಮ್ಮನೆಯವರಿಗೆ ನಾವಿಟ್ಟಿರೋ ಹೆಸರು ಅತ್ತಿಗೆ. ಐದು ಮಹಡಿ ಕಟ್ಟಡ ಇದ್ರೆ ನಾವೆಲ್ಲ ಅವನಿಗೇ ತಳ್ಳಿಬಿಡ್ತೀವಿ. ಎರಡೆರಡು ಮೆಟ್ಟಿಲು ಹಾರ್ಕೊಂಡು ಹೋಗ್ತಾನೆ. ಅವನ ಜೊತೆ ನಡೆಯೋಕೆ ನಂಗಾಗಲ್ಲಪ್ಪ."

ಬೇರೆ ಯಾರನ್ನೋ ಹೇಳುತ್ತಿದ್ದಾರೆ ಅನ್ನಿಸಿತು. ಹೆಸರು, ಚೀಲದ ಬಣ್ಣ ಎಲ್ಲ ಕೇಳಿದೆ. ಇವರೇ. ನನಗೆ ಲೆನ್ಸು ಯಾವುದು ಹಾಕಿದ್ದೆ, ಯಾವುದು ತೆಗೆದೆ ಎನ್ನುವುದೇ ಮರೆತು ಪರೀಕ್ಷೆಯನ್ನು ಮೊದಲಿಂದ ಮಾಡಬೇಕಾಯಿತು.

ಏಪ್ರಿಲ್ 20, ಭಾನುವಾರ

ಮಗಳು ಪುಟ್ಟಿಯನ್ನು ಕರೆದುಕೊಂಡು ಹೋಗಿ ಸಾಮಾನು ತಂದೆ. ಮೆಟ್ಟಿಲು ಹತ್ತುವಾಗ ಅವಳನ್ನೇ ಗಮನಿಸಿದೆ. ಒಂದನೇ ಮಹಡಿ ದಾಟಿದ ಮೇಲೆ ಅವಳ ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿತು. ಎರಡನೇ ತಿರುವಿನಲ್ಲಿ ಕಿಟಕಿಯಿಂದ ಬೆಕ್ಕು ಕಾಣುತ್ತದೇನೋ ಎಂದು ನಿಂತಳು.

"ಬೆಕ್ಕು ಇದೆಯಾ?"

"ಇಲ್ಲ."

"ದಿನಾ ನೋಡ್ತೀಯಲ್ಲ. ಯಾವತ್ತಾದ್ರೂ ಇತ್ತಾ?"

ಅವಳು ಯೋಚಿಸಿದಳು. "ಒಂದು ಸಲ ಇತ್ತು. ಅಮ್ಮ, ಬೆಕ್ಕಿಗಲ್ಲ ನಿಲ್ಲೋದು. ಹತ್ತುವಾಗ ಅಮ್ಮನ ಮಾತು ನಿಂತ್ರೆ ನಾವೂ ನಿಂತ್ಕೋಬೇಕು ಅಂತ ಅಪ್ಪ ಹೇಳಿದಾರೆ. ಯಾಕೆ ಅಂತ ಕೇಳಬಾರದು ಅಂತಾನೂ ಹೇಳಿದಾರೆ. ನಾನು ಕೇಳಿಲ್ಲ."

"ನನ್ನ ಮಾತು ಎಲ್ಲಿ ನಿಲ್ಲುತ್ತೆ?"

"ಒಂದೊಂದು ದಿನ ಒಂದೊಂದು ಕಡೆ. ಈಗೀಗ ಬೇಗ ನಿಲ್ಲುತ್ತೆ."

ಮೆಟ್ಟಿಲು ಹತ್ತುವಾಗ ಯಾರು ಮಾತಾಡುತ್ತಾರೆ? ನನಗೆ ತಿಳಿದ ಮಟ್ಟಿಗೆ ಯಾರೂ ಇಲ್ಲ. ಆದರೆ ನಾನು ಹತ್ತಿರುವುದು ಇವರಿಬ್ಬರ ಜೊತೆಯಲ್ಲೇ.

ಏಪ್ರಿಲ್ 21, ಸೋಮವಾರ

ಜಗಳವಾಯಿತು. ಮೊದಲಿಗೆ ನಾನೊಬ್ಬಳೇ ಆಡಿದೆ.

"ಬೀಗದ ಕೈ ಎಲ್ಲಿರುತ್ತೆ ನಿಮ್ಮದು?"

"ಎಡಗಡೆ ಜೇಬಲ್ಲಿ."

"ಯಾವಾಗಲೂ?"

"ಯಾವಾಗಲೂ."

"ಇಷ್ಟು ವರ್ಷ ನನ್ನ ಆಟ ಆಡಿಸಿದ್ರಿ. ಪುಟ್ಟಿಗೂ ಕಲಿಸಿದ್ರಿ. ಡಾಕ್ಟರ ಮುಂದೆ ನಾನು ಮೂರು ಮಹಡಿ ಹತ್ತುತೀನಿ ಅಂತ ಕೊಚ್ಕೊಂಡು ಬಂದೆ. ಸುಳ್ಳಿ ಮಾಡಿದ್ರಿ ನನ್ನ."

ಇವರು ಸಿಟ್ಟಾಗುವವರಲ್ಲ. ಮೆಲ್ಲಗೆ ಹೇಳಿದರು: "ಶುರು ಮಾಡಿದ್ದು ನಾನಲ್ಲ. ನಮ್ಮ ಮದುವೆ ಮಾತುಕತೆ ಆದ ಹೊಸದರಲ್ಲಿ ಸೇತುವೆ ಮೇಲೆ ನಡ್ಕೊಂಡು ಹೋಗಿದ್ವಲ್ಲ, ಅವತ್ತು ನೀನು ಅರ್ಧದಲ್ಲಿ ನಿಂತು, ನೀರು ಎಷ್ಟು ಕೊಳಕಾಗಿದೆ ನೋಡಿ ಅಂದೆ. ನೋಡಿದೆ. ನಾಲ್ಕು ಹೆಜ್ಜೆ ಹೋಗಿ, ಆ ಅಂಗಡಿ ಬೋರ್ಡಲ್ಲಿ ಅಕ್ಷರ ತಪ್ಪಿದೆ ನೋಡಿ ಅಂದೆ. ಅದನ್ನೂ ನೋಡಿದೆ. ಮೂರನೇ ಸಲ ನಿನ್ನ ತುಟಿ ನೋಡಿದೆ. ಒಂಥರಾ ಬಣ್ಣ ಇಳಿದಿತ್ತು. ಅವತ್ತಿಂದ ನಿಂಗೆ ಕಾರಣ ಹುಡುಕೋ ಕಷ್ಟ ಬೇಡ ಅಂತ ನಾನೇ ಹುಡುಕ್ತಿದೀನಿ. ಅಷ್ಟೆ."

"ಕೇಳಬಹುದಿತ್ತಲ್ಲ."

"ಕೇಳಿದ್ದೆ. ಪೂರ್ತಿ ವಾಸಿಯಾಗಿದೆ, ಮತ್ತೆ ಆ ಮಾತು ಎತ್ತಬೇಡಿ ಅಂದೆ."

ಅಂದಿದ್ದೆನೇ? ಅಂದಿರಬಹುದು. ಈ ಪ್ರಶ್ನೆ ಕೇಳಿದವರಿಗೆಲ್ಲ ಅದನ್ನೇ ಹೇಳುತ್ತಿದ್ದೆ.

ಇವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಸಿಟ್ಟಂತೂ ಬಂದಿದೆ. ಯಾರ ಮೇಲೆ ಎಂದು ಸ್ಪಷ್ಟವಾಗುತ್ತಿಲ್ಲ.

ಏಪ್ರಿಲ್ 26, ಶನಿವಾರ

ಬೆಳಿಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ, ಪುಟ್ಟಿ ಇನ್ನೂ ಮಲಗಿರುವಾಗ, ಒಬ್ಬಳೇ ಕೆಳಗಿಳಿದೆ. ಬರಿಗೈಯಲ್ಲಿ ಹತ್ತಲು ಶುರು ಮಾಡಿದೆ. ನಿಲ್ಲಬಾರದು, ಏನನ್ನೂ ನೋಡಬಾರದು, ಯಾರ ಚಪ್ಪಲಿಯೂ ಬಿಚ್ಚಿಕೊಳ್ಳುವಂತಿಲ್ಲ.

ಎರಡನೇ ಮಹಡಿಯ ತಿರುವಿನಲ್ಲಿ ಸೂಚನಾ ಫಲಕ ಓದಿದೆ. ನೀರಿನ ತೊಟ್ಟಿಯ ಆ ಹಳೆಯ ಸೂಚನೆಯೇ ಇನ್ನೂ ಅಲ್ಲಿದೆ. ಹೊಸದೇನೂ ಇರಲಿಲ್ಲ. ಆದರೂ ಪೂರ್ತಿ ಓದಿದೆ, ಕೆಳಗಿನ ಸಹಿಯವರೆಗೂ. ಮತ್ತೆ ಮೊದಲಿಂದ ಓದಿದೆ.

ಮೇಲೆ ಬಂದು ನೀರು ಕುಡಿದು ಆಸ್ಪತ್ರೆಗೆ ಫೋನ್ ಮಾಡಿದೆ. ಯಾವ ದಿನ ಸಿಗುತ್ತದೆ ಎಂದು ಕೇಳಿದೆ. ನಿರ್ಧಾರ ಮಾಡಿದ್ದೇನೆ ಎಂದಲ್ಲ, ಕೇಳಿಟ್ಟುಕೊಂಡಿರೋಣ ಎಂದು.

ಮೇ 5, ಸೋಮವಾರ

ಕೇಳಿಟ್ಟುಕೊಂಡ ದಿನಕ್ಕೇ ಆಪರೇಷನ್ನಿಗೆ ಹೂಂ ಅಂದೆ. ಕೊನೆಗೂ ಹಲ್ಲು ಹೋಯಿತು. ಹೊಸ ಕವಾಟ ಕೂರಿಸುವ ಮೊದಲು ಬಾಯಲ್ಲಿ ಕೊಳೆತದ್ದು ಏನೂ ಇರಬಾರದಂತೆ, ಅಲ್ಲಿಂದ ರಕ್ತಕ್ಕೆ ಸೋಂಕು ಸೇರಿ ಕವಾಟಕ್ಕೆ ಹತ್ತಬಹುದು. ಆದ್ದರಿಂದ ಈ ಸಲ ಹೃದಯದ ಡಾಕ್ಟರೇ ಹಲ್ಲು ಕೀಳಿಸಿ ಎಂದು ಚೀಟಿ ಬರೆದರು. ಹಲ್ಲಿಗಾಗಿ ಹೃದಯ ತೋರಿಸಿದೆ, ಹೃದಯಕ್ಕಾಗಿ ಹಲ್ಲು ಕೀಳಿಸಿದೆ. ಇವರಿಗೆ ಹೇಳಿದರೆ ನಕ್ಕರು. ನನಗೆ ನಗುವುದಕ್ಕೆ ಆಗಲಿಲ್ಲ, ಬಾಯಲ್ಲಿ ಹತ್ತಿ ಇತ್ತು.

ಜೂನ್ 8, ಭಾನುವಾರ

ನಾಳೆ ದಾಖಲಾಗಬೇಕು. ಬುಧವಾರ ಆಪರೇಷನ್.

ಅಮ್ಮ ಬಂದಿದ್ದಾಳೆ. ಬಂದಾಗಿನಿಂದ ಏನನ್ನೋ ಮಡಚುತ್ತಲೇ ಇದ್ದಾಳೆ. ಒಗೆದ ಬಟ್ಟೆ ಮುಗಿದು ಈಗ ಒಗೆಯದ ಬಟ್ಟೆ. ಕೊನೆಗೆ ಹತ್ತಿರ ಬಂದು ಹೇಳಿದಳು, "ಅವತ್ತು ನಿನ್ನ ಒಳಗೆ ಕರ್ಕೊಂಡು ಹೋಗುವಾಗ ನೀನು ಅಳಲಿಲ್ಲ ಕಣೆ. ನಾಲ್ಕು ಹೆಜ್ಜೆ ನಡೆದ್ರೆ ಕುಕ್ಕರಗಾಲಲ್ಲಿ ಕೂತ್ಕೊಳ್ತಿದ್ದೆ ಆಗೆಲ್ಲ, ಉಗುರೆಲ್ಲ ನೀಲಿ. ಆಮೇಲೆ ಹೊರಗೆ ಬಂದಾಗ ಉಗುರು ಗುಲಾಬಿ ಬಣ್ಣ ಇತ್ತು. ಅದನ್ನ ನೋಡಿ ನಾನು ಅಂದ್ಕೊಂಡೆ, ಮುಗೀತು ಅಂತ. ಹಾಗಂದ್ಕೊಳ್ಳದೆ ಹೋಗಿದ್ರೆ ನಿನ್ನ ಬೆಳೆಸೋಕೆ ನನ್ನಿಂದ ಆಗ್ತಿರಲಿಲ್ಲ."

ನನ್ನ ಉಗುರು ನೋಡಿಕೊಂಡೆ. ಅವಳೂ ನೋಡಿದಳು.

ಹೋಗುವುದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. ಪುಟ್ಟಿ ಕೇಳಿದಳು, "ನಿಂಗೆ ನೋವೇ ಇಲ್ಲ ಅಂದ ಮೇಲೆ ಯಾಕಮ್ಮ ಹೋಗೋದು?" ನಾನು ಏನೋ ಒಂದು ಹೇಳಿದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ನನಗೂ ಆಗಲಿಲ್ಲ.

ಜೂನ್ 19, ಗುರುವಾರ

ಪೆನ್ನು ಹಿಡಿದೆ. ಇವತ್ತಿಗೆ ಇಷ್ಟು ಸಾಕು.

ಜೂನ್ 30, ಸೋಮವಾರ

ಮನೆಗೆ ಬಂದಿದ್ದೇನೆ. ಮೇಲಕ್ಕೆ ಕುರ್ಚಿಯಲ್ಲಿ ಕೂರಿಸಿ ಹೊತ್ತುತಂದರು, ಇವರೊಂದು ಕಡೆ, ಇವರ ಸಹೋದ್ಯೋಗಿ ಇನ್ನೊಂದು ಕಡೆ. "ನಿಧಾನ ಎಕ್ಸ್‌ಪ್ರೆಸ್ಸು, ನಿಧಾನ," ಎಂದು ಅವರು ದಾರಿಯುದ್ದಕ್ಕೂ ಕೂಗುತ್ತಿದ್ದರು. ಎರಡನೇ ತಿರುವಿನಲ್ಲಿ ಇವರು ನಿಲ್ಲಲೇ ಇಲ್ಲ. ಸೂಚನಾ ಫಲಕ ಸರ್ರನೆ ಹಾದುಹೋಯಿತು, ಓದಲಾಗಲಿಲ್ಲ.

ಕೆಮ್ಮಿದರೆ ಜೀವ ಹೋಗುತ್ತದೆ. ದಿಂಬನ್ನು ಎದೆಗೆ ಒತ್ತಿಕೊಂಡು ಕೆಮ್ಮಬೇಕು. ಏನೂ ನೋವಿಲ್ಲದೆ ಇದ್ದವಳಿಗೆ ಈಗ ನೋವೆಲ್ಲ ಬಂದಿದೆ. ಇದನ್ನು ಗುಣವಾಗುವುದು ಎನ್ನುತ್ತಾರೆ.

ಆಗಸ್ಟ್ 29, ಶುಕ್ರವಾರ

ಡಾಕ್ಟರು ಪರದೆಯ ಮೇಲೆ ನೋಡಿ ಸಂತೋಷಪಟ್ಟರು. ಬಲಗಡೆಯ ಕೋಣೆ ಕುಗ್ಗುತ್ತಿದೆಯಂತೆ. ಹೊಸ ಬಾಗಿಲು ಸರಿಯಾಗಿ ಮುಚ್ಚುತ್ತಿದೆಯಂತೆ. ಇನ್ನು ಮೇಲೆ ವರ್ಷಕ್ಕೊಮ್ಮೆ ಬರಬೇಕು, ವಾಸಿಯಾಯಿತು ಎಂದು ಮಾತ್ರ ಯಾರೂ ಹೇಳಬೇಡಿ ಎಂದರು.

"ನಿಮಗೆ ಹೇಗನ್ನಿಸುತ್ತೆ?"

"ನಿಜ ಹೇಳಲಾ ಡಾಕ್ಟ್ರೇ? ಏನೂ ವ್ಯತ್ಯಾಸ ಕಾಣ್ತಿಲ್ಲ."

"ಆಗಲೂ ಹಾಗೇ ಅಂದಿದ್ರಿ," ಎಂದು ಬರೆದುಕೊಂಡರು.

ಬರುವಾಗ ಇವರಿಗೆ ಹೇಳಿದೆ: ಇಷ್ಟೆಲ್ಲ ಮಾಡಿಸಿಕೊಂಡದ್ದು ಪರದೆಯ ಮೇಲಿನ ಚಿತ್ರಕ್ಕೋಸ್ಕರವೇ ಎಂದು ಒಂದೊಂದು ಸಲ ಅನ್ನಿಸುತ್ತದೆ.

ಸೆಪ್ಟೆಂಬರ್ 20, ಶನಿವಾರ

ಅಂಗಡಿಗೆ ಮತ್ತೆ ಹೋಗಲು ಶುರುಮಾಡಿ ಎರಡು ವಾರವಾಯಿತು. ಇವತ್ತು ಆ ಬಸ್ ಚಾಲಕರು ಬಂದಿದ್ದರು. ನಾನಿಲ್ಲದಾಗ ಮಗಳು ಮತ್ತೆ ಎಳೆದುಕೊಂಡು ಬಂದು ಕನ್ನಡಕ ಹಾಕಿಸಿದ್ದಳಂತೆ. ಅದನ್ನು ತೆಗೆದು ನನ್ನ ಮುಂದೆ ಮೇಜಿನ ಮೇಲಿಟ್ಟರು.

"ವಾಪಸ್ ತಗೊಳ್ಳಿ ಇದನ್ನ."

"ಯಾಕೆ ಯಜಮಾನ್ರೇ, ಕಾಣ್ತಿಲ್ವಾ?"

"ಕಾಣ್ತಿದೆ, ಅದೇ ತೊಂದ್ರೆ. ನಮ್ಮನೆ ಸೂರಿನ ತುಂಬ ಜೇಡರ ಬಲೆ ಇದೆ ಅಂತ ನಂಗೆ ಗೊತ್ತೇ ಇರಲಿಲ್ಲ. ಗೊತ್ತಾಯ್ತು ಅಂತ ಹೇಳಿದೆ. ಅಷ್ಟು ಕಂಡ್ರೆ ನೀವೇ ತೆಗೀರಿ ಅಂತ ನಮ್ಮವಳು ಕೈಗೆ ಪೊರಕೆ ಕೊಟ್ಟಿದಾಳೆ. ಮೂರು ದಿನದಿಂದ ಏಣಿ ಮೇಲಿದೀನಿ."

ಕನ್ನಡಕ ಮಾತ್ರ ಬಿಟ್ಟು ಹೋಗಲಿಲ್ಲ. ಬಾಗಿಲವರೆಗೆ ಹೋದವರು ತಿರುಗಿ ಬಂದು ಹಾಕಿಕೊಂಡು ಹೋದರು.

ಸಂಜೆ ಇವರು ಅಂಗಡಿಯ ಹತ್ತಿರ ಬಂದು ಜೊತೆಗೂಡಿದರು. ಚಾಲಕರ ಕಥೆಯನ್ನು ಮನೆಯ ಕೆಳಗೆ ಶುರುಮಾಡಿದೆ. ಅವರು ಬೋರ್ಡು ಬಾಯಿಪಾಠ ಮಾಡಿದ್ದು, ನಾನು ಬೇರೆ ಬೋರ್ಡು ಹಾಕಿದ್ದು, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವರ ಥರವೇ ಮಾತಾಡಿ ತೋರಿಸಿದೆ. ಏಣಿಯ ಮಾತಿಗೆ ಬಂದಾಗ ಇವರು ನಗುತ್ತಾರೆಂದು ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ನಮ್ಮ ಮನೆಯ ಬಾಗಿಲ ಮುಂದೆ ನಾನೊಬ್ಬಳೇ ನಿಂತು ಮಾತಾಡುತ್ತಿದ್ದೇನೆ. ಕೈಚಾಚಿ ಮೆಟ್ಟಿಲಿನ ಕಟಕಟೆ ಹಿಡಿದು ಬಗ್ಗಿ ನೋಡಿದೆ. ಎರಡನೇ ಮಹಡಿಯ ತಿರುವಿನಲ್ಲಿ, ಎಡಗಡೆಯ ಜೇಬಿಗೆ ಕೈ ಹಾಕಿಕೊಂಡು ಹಾಗೇ ನಿಂತಿದ್ದಾರೆ.

"ಏನ್ರೀ, ಕಥೆ ಅರ್ಧಕ್ಕೇ ಬಿಟ್ಟು ಅಲ್ಲೇನು ಮಾಡ್ತಿದೀರಿ? ಬೀಗದ ಕೈ ಸಿಗಲಿಲ್ವಾ?"

"ಸಿಕ್ತು. ಕೇಳಿಸ್ಕೊಳ್ತಿದ್ದೆ."

"ಎಲ್ಲಿವರೆಗೆ ಕೇಳಿಸ್ತು?"

"ಪೂರ್ತಿ," ಎಂದರು. ಆಮೇಲೆ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದರು. ಬೀಗದ ಕೈಯನ್ನು ಎರಡು ಸಲ ತಲೆಕೆಳಗಾಗಿ ತೂರಿಸಿದರು. ಓಡಿ ಬಂದರೆ ಹಾಗಾಗದೆ ಇರುತ್ತದೆಯೇ?

ಕಥೆಗೆ ಮಾತ್ರ ನಗಲೇ ಇಲ್ಲ. ಪೂರ್ತಿ ಕೇಳಿಸಿತು ಎನ್ನುತ್ತಾರೆ, ಪೊರಕೆ ಯಾರು ಕೊಟ್ಟರು ಎಂದರೆ ಗೊತ್ತಿಲ್ಲ. ಊಟಕ್ಕೆ ಕೂತಾಗ ಪುಟ್ಟಿಗೂ ಸೇರಿಸಿ ಮತ್ತೆ ಮೊದಲಿಂದ ಹೇಳಬೇಕಾಯಿತು.